ಗ್ರಿಲ್ಲಿಗೆ ಕುಂಕುಮ ಇಟ್ಟ ಶನಿವಾರ

ಭಾನುವಾರವನ್ನು ರಜಾದಿನವೆಂದು ಕ್ಯಾಲೆಂಡರಿನಲ್ಲಿ ಕೆಂಪಗೆ ಅಚ್ಚು ಹಾಕಿಸಿದವರು ಖಂಡಿತ ಗಂಡಸರೇ ಇರಬೇಕು. ನಮ್ಮ ತುಮಕೂರಿನ ಮನೆಯಲ್ಲಿ ಆ ದಿನ ಕ್ಯಾಲೆಂಡರಿಗಿಂತ ಕೆಂಪಾಗಿರುವುದು ಒಲೆ ಊದಿ ಊದಿ ಸೋತ ನನ್ನ ಕಣ್ಣು. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಒಂದೇ ಒಂದು ಭಾನುವಾರ ಕುರ್ಚಿಯ ಮೇಲೆ ಕಾಲು ಚಾಚಿ, ಬಿಸಿ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿಯಬೇಕು ಎಂಬುದು ನನ್ನ ಜೀವನದ ಮಹದಾಸೆ. (ದೊಡ್ಡ ಆಸೆಗಳೂ ಇದ್ದವು. ಅವೆಲ್ಲ ಮೊದಲ ಐದು ವರ್ಷದಲ್ಲೇ ಸವೆದುಹೋದವು.)

ಭಾನುವಾರ ಬಾಡೂಟ. ಅದರಲ್ಲೇನು ವಿಶೇಷ ಎನ್ನಬೇಡಿ. ನನ್ನ ಅತ್ತೆ ಚೆನ್ನಮ್ಮನವರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯವರು, ಮನೆದೇವರು ಹನುಮಂತರಾಯ. ಅಡುಗೆಮನೆಯ ಗೋಡೆಯಲ್ಲೇ ದೇವರ ಗೂಡು ಇರುವುದರಿಂದ ಬಾಡು ಅದರ ಹೊಸಿಲು ದಾಟುವಂತಿಲ್ಲ. ಹಿತ್ತಿಲಲ್ಲಿ ತಗಡಿನ ಶೀಟಿನ ಕೆಳಗೆ ಬಾಡಿಗೆಂದೇ ಬೇರೆ ಸೌದೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಉರಿಗೆ ಊರಿಂದ ಬರುವ ತೆಂಗಿನ ಗರಿ, ಮಟ್ಟೆ. ಆ ಹಿತ್ತಿಲ ಸಂಸ್ಥಾನಕ್ಕೆ ಪಟ್ಟದರಸಿಯೂ ನಾನೇ, ದಿವಾನರೂ ನಾನೇ, ಪಾತ್ರೆ ಉಜ್ಜುವವಳೂ ನಾನೇ. ಸಾರು ಹೊರಗೆ ಕುದಿಯುತ್ತದೆ, ಮುದ್ದೆ ಒಳಗೆ ಬೇಯುತ್ತದೆ, ಎರಡರ ನಡುವೆ ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಓಡಾಡುತ್ತೇನೆ. ವಾರದಲ್ಲಿ ಬೆನ್ನು ನೆಟ್ಟಗಾಗುವುದು ಶನಿವಾರ ಮಾತ್ರ. ಅಂದು ಅತ್ತೆಗೆ ಒಪ್ಪೊತ್ತು, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಒಂದಿಷ್ಟು ಉಪ್ಪಿಟ್ಟು, ಒಂದಿಷ್ಟು ತಿಳಿಸಾರು ಮಾಡಿದರೆ ಮುಗಿಯಿತು.

ಹೀಗಿರುವಾಗ ಪಿಯುಸಿ ಓದುವ ಮಗಳು ಇಂಪನಾ ಒಂದು ದಿನ ಮೊಬೈಲು ಹಿಡಿದುಕೊಂಡು ಬಂದಳು. ಅದರಲ್ಲಿ ಯಾರೋ ಹೆಂಗಸು ಮೇಜಿನ ಮೇಲೆ ಕರೆಂಟಿನ ಗ್ರಿಲ್ ಇಟ್ಟುಕೊಂಡು ನಗುನಗುತ್ತಾ ಕೋಳಿ ಸುಡುತ್ತಿದ್ದಳು. ಹೊಗೆಯಿಲ್ಲ, ಮಸಿಯಿಲ್ಲ, ಮುಖದ ಮೇಲೆ ಬೆವರಿಲ್ಲ. ಅಡುಗೆ ಮಾಡುವಾಗ ನಗುವ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಗಂಡ ಅನಂತರಾಜು ಹೆಗಲ ಮೇಲಿಂದ ಇಣುಕಿ ನೋಡಿದರು. ಇವರು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಹೋದ ವರ್ಷ ಕಂಪನಿಯವರು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದಾಗ, ಅಲ್ಲಿನ ಅಡುಗೆಯವನು ಕೈ ತೊಳೆಯಲು ಹೋದ ಎರಡು ನಿಮಿಷ ಇವರು ಕಬಾಬಿನ ಕಡ್ಡಿ ತಿರುಗಿಸಿದ್ದರು. ಅಂದಿನಿಂದ ಇವರು ನಳಮಹಾರಾಜನ ಸಾಕ್ಷಾತ್ ವಂಶಸ್ಥರು.

"ಇಷ್ಟೇ ತಾನೆ? ಇದೊಂದು ತಂದುಬುಡು, ಭಾನ್ವಾರ ಪೂರ್ತಿ ನಂದು ಡ್ಯೂಟಿ. ನೀನು ಎದ್ದೇ ಬರ್ಬೇಡ" ಅಂದರು.

"ಪೂರ್ತಿ ಅಂದ್ರೆ? ತೊಳೆಯೋದೂ ಸೇರಿ?"

"ತೊಳೆಯೋದೂ ಸೇರಿ ಕಣೇ."

ಹದಿನೆಂಟು ವರ್ಷದಲ್ಲಿ ಈ ಮನುಷ್ಯ ಹೇಳಿದ ಅತ್ಯಂತ ಮಧುರವಾದ ಮಾತು ಅದು. ಮದುವೆಯ ಹೊಸದರಲ್ಲೂ ನನ್ನ ಕಿವಿ ಅಷ್ಟು ತಂಪಾಗಿರಲಿಲ್ಲ.

ಶುಕ್ರವಾರ ಸಂಜೆ ಎಂ.ಜಿ. ರಸ್ತೆಯ ಒಂದು ಅಂಗಡಿಗೆ ಹೋದೆವು. ಅಲ್ಲಿನ ಸೇಲ್ಸ್‌ಮನ್ ಉದಯಕುಮಾರ್ ನಾಲ್ಕು ಬಗೆಯ ಗ್ರಿಲ್ ಸಾಲಾಗಿ ಇಟ್ಟ. ಒಂದಕ್ಕೆ ಮುಚ್ಚಳವಿದೆ, ಒಂದಕ್ಕಿಲ್ಲ. ಒಂದು ಬರೀ ಬ್ರೆಡ್ಡಿಗಂತೆ, ಇನ್ನೊಂದು ಇಡೀ ಕೋಳಿಗಂತೆ. ಇವರು ಕೈ ಹಿಂದೆ ಕಟ್ಟಿಕೊಂಡು, ತಮ್ಮ ಕಾರ್ಖಾನೆಗೆ ಯಂತ್ರ ಖರೀದಿಸಲು ಬಂದವರಂತೆ ವಿಚಾರಣೆ ಶುರು ಮಾಡಿದರು. ವಾಟ್ಸ್ ಎಷ್ಟು, ಥರ್ಮೋಸ್ಟಾಟ್ ಇದೆಯಾ, ಕೋಳಿಯ ಕಾಲು ಎಷ್ಟು ನಿಮಿಷಕ್ಕೆ ಬೇಯುತ್ತದೆ. ಅರ್ಧ ಗಂಟೆ ನಡೆಯಿತು. ನಾನು ಕೇಳಿದ್ದು ಎರಡೇ ಪ್ರಶ್ನೆ.

"ಹೊಗೆ ನಿಜವಾಗ್ಲೂ ಬರಲ್ವೇನಪ್ಪ?"

"ಬರಲ್ಲ ಮೇಡಂ. ಎಣ್ಣೆ ಎಲ್ಲಾ ಕೆಳಗಿನ್ ಟ್ರೇಗೆ ಇಳೀತದೆ. ಅದ್ರಲ್ಲಿ ಒಂಚೂರು ನೀರು ಹಾಕಿಡಿ ಅಷ್ಟೇ."

"ತೊಳೆಯೋದು?"

"ಪ್ಲೇಟ್ ಬಿಚ್ಕೊಂಡು ನಲ್ಲಿ ಕೆಳಗೆ ಹಿಡಿದ್ರೆ ಆಯ್ತು."

ಅದನ್ನೇ ಕೊಡು ಅಂದೆ. ಗಂಡನ ವಿಚಾರಣೆ ಇನ್ನೂ ಕೋಳಿಯ ಕಾಲಿನಲ್ಲೇ ಇತ್ತು.

ಮನೆಗೆ ತಂದು ಡಬ್ಬ ಬಿಚ್ಚಿದಾಗ ಅತ್ತೆ ಕನ್ನಡಕ ಏರಿಸಿಕೊಂಡು ಬಂದರು.

"ಇದೇನವ್ವ ಇದು, ಇಸ್ತ್ರಿ ಪೆಟ್ಗೆನಾ?"

"ಕರೆಂಟ್ ಒಲೆ ಅತ್ತೆ. ಭಾನ್ವಾರ ಇದ್ರಲ್ಲಿ ನಿಮ್ಮಗ ಕೋಳಿ ಸುಡ್ತಾರಂತೆ. ಅಡುಗೆಮನೇಲಿ ಅಲ್ಲ, ನಡುಮನೇಲಿ. ಎ.ಸಿ.ಗೆ ಅಂತ ಮಾಡ್ಸಿದ್ ದೊಡ್ಡ ಪ್ಲಗ್ ಅಲ್ಲೇ ಇದ್ಯಲ್ಲ." (ಪ್ಲಗ್ಗು ಬಂದು ಆರು ವರ್ಷವಾಯಿತು. ಎ.ಸಿ. ಇನ್ನೂ ದಾರಿಯಲ್ಲಿದೆ.)

ಅತ್ತೆ ಕನ್ನಡಕ ಇಳಿಸಿದರು. "ಹೊಗೆ ಬರಲ್ಲ ಅಂದ್ರೆ ಬೇಯಿಸ್ಕಳಿ. ತಿನ್ನದೂ ಅಲ್ಲೇ ತಾನೆ. ನಂದೇನಿಲ್ಲ ಬುಡು."

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡು ಮಲಗಬೇಕಿತ್ತು. ಆದರೆ ನಮ್ಮ ಅತ್ತೆಯ 'ನಂದೇನಿಲ್ಲ' ಎಂಥ ಮಾತೆಂದು ನನಗೆ ಗೊತ್ತು. ಹಿಂದೆ ವಾಷಿಂಗ್ ಮಷೀನು ತಂದಾಗಲೂ 'ನಂದೇನಿಲ್ಲ' ಎಂದೇ ಹೇಳಿ ಮೂರು ದಿನ ಊಟ ಬಿಟ್ಟಿದ್ದರು. ಭಾನುವಾರ ಬೆಳಗ್ಗೆ ಮನಸ್ಸು ಬದಲಾಯಿಸಿ ಗ್ರಿಲ್ಲನ್ನು ಹಿತ್ತಿಲಿಗೆ ಗಡೀಪಾರು ಮಾಡಿದರೆ ಏನು ಗತಿ? ಹಿತ್ತಿಲಲ್ಲಿ ಪ್ಲಗ್ಗಿಲ್ಲ. ಅದನ್ನು ಅತ್ತೆಯ ಪಕ್ಷಕ್ಕೇ ಸೇರಿಸಿಬಿಟ್ಟರೆ ಕ್ಷೇಮ ಅನಿಸಿತು. ಇಡೀ ರಾತ್ರಿ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಮಲಗಿದೆ.

ಬೆಳಗ್ಗೆ ಎದ್ದವಳೇ, "ಅತ್ತೆ, ಮನೆಗೆ ಹೊಸ ಸಾಮಾನು ಬಂದಿದೆ. ನಿಮ್ಮ ಕೈಯಿಂದ್ಲೇ ಪೂಜೆ ಆಗ್ಲಿ" ಅಂದೆ.

ಅತ್ತೆಯ ಮುಖ ಅರಳಿತು. ಸ್ನಾನ ಮಾಡಿ ಬಂದು ಗ್ರಿಲ್ಲಿನ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟರು, ಹೂವು ಮುಡಿಸಿದರು, ಊದುಬತ್ತಿ ಬೆಳಗಿದರು, ಕಾಯಿ ಒಡೆದರು.

"ಅಜ್ಜೀ, ಸ್ವಿಚ್ ಮೇಲೆ ಕುಂಕುಮ ಹಾಕ್ಬೇಡಿ!" ಎಂದು ಇಂಪನಾ ಕೂಗಿದಳು.

"ಸುಮ್ಕಿರೇ, ಅದುಕ್ಕೂ ಒಳ್ಳೇದಾಗ್ಲಿ."

ಪೂಜೆ ಅಲ್ಲಿಗೇ ನಿಂತಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಉತ್ಸಾಹ ಯಾರನ್ನು ಬಿಟ್ಟಿದೆ? ಬುಟ್ಟಿಯಲ್ಲಿದ್ದ ಗೆಣಸನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ತುಪ್ಪ ಸವರಿ ಗ್ರಿಲ್ಲಿನ ಮೇಲೆ ಜೋಡಿಸಿದೆ. ಬೆಂದು ಮೇಲೆ ಕಪ್ಪು ಗೆರೆ ಮೂಡಿದಾಗ ಅತ್ತೆ ಮಗುವಿನಂತೆ ಬೆರಗಾದರು. ಮೊದಲ ನಾಲ್ಕು ಬಿಲ್ಲೆಗೆ ಬೆಲ್ಲ, ಕಾಯಿತುರಿ ಉದುರಿಸಿ, ಬಾಳೆಯೆಲೆಯ ತುದಿಯ ಮೇಲಿಟ್ಟು ಹನುಮಂತರಾಯನ ಮುಂದೆ ಎಡೆ ಇಟ್ಟರು. ನಾನೇ ಗಂಟೆ ಬಾರಿಸಿದೆ. ಇನ್ನು ನನ್ನ ಭಾನುವಾರವನ್ನು ತಡೆಯುವವರು ಯಾರೂ ಇಲ್ಲ ಎಂಬ ಸಂತೋಷಕ್ಕೆ ಸ್ವಲ್ಪ ಜೋರಾಗಿಯೇ ಬಾರಿಸಿದೆ.

ಭಾನುವಾರ ಏಳು ಗಂಟೆಗೆ ಎದ್ದೆ. (ಓದುಗರು ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.) ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ಕುಳಿತೆ. ಕಾಲು ಚಾಚಿದೆ. ಇವರು ಎರಡು ಕೆಜಿ ಕೋಳಿ ತಂದು, ಮೊಸರು ಮಸಾಲೆ ಕಲಸಿ, ನನ್ನ ಏಪ್ರನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಗ್ರಿಲ್ಲಿನ ಮುಂದೆ ನಿಂತರು. ಇಂಪನಾ ವಿಡಿಯೋ ಮಾಡುತ್ತಿದ್ದಳು. ಇಕ್ಕಳದಲ್ಲಿ ಹಿಡಿದ ಮೊದಲ ತುಂಡು ಗ್ರಿಲ್ಲಿಗೆ ಒಂದು ಗೇಣು ದೂರದಲ್ಲಿತ್ತು.

"ಏನ್ಲಾ ಅನಂತ ಅದು?" ಅಡುಗೆಮನೆಯ ಬಾಗಿಲಲ್ಲಿ ಅತ್ತೆ.

"ಕೋಳಿ ಕಣವ್ವ."

"ಎತ್ಲಾ ಅದ್ನ! ಎತ್ತಂದ್ರೆ ಎತ್ತು!"

ತುಂಡು ಮಸಾಲೆ ಪಾತ್ರೆಗೆ ವಾಪಸಾಯಿತು. ನಾನು ಲೋಟ ಕೆಳಗಿಟ್ಟೆ. "ಅತ್ತೆ, ಮೊನ್ನೆ ನೀವೇ ಹೂಂ ಅಂದ್ರಲ್ಲ."

"ಮೊನ್ನೆ ಅದು ಬರೀ ಒಲೆ. ನೆನ್ನೆ ಇದ್ರಲ್ಲಿ ದೇವ್ರಿಗೆ ಎಡೆ ಆಯ್ತಲ್ಲ! ಶನಿವಾರ ಹನುಮಂತರಾಯ್ನಿಗೆ ಎಡೆ ಮಾಡಿದ್ ಸಾಮಾನ್ನಾಗೆ ಭಾನ್ವಾರ ಬಾಡು ಸುಡ್ತಾರೇನ್ರವ್ವ? ಯಾರ ಮನೇಲಾದ್ರೂ ಉಂಟಾ?"

"ಪ್ಲೇಟು ಬಿಚ್ಚಿ ತೊಳೀಬೋದು ಅತ್ತೆ."

"ಎಡೆ ಪಾತ್ರೆನ ತೊಳ್ದು ಬಾಡಿಗೆ ಇಟ್ಕಂಡಿದ್ದೀವೇನವ್ವ ಯಾವತ್ತಾದ್ರೂ? ನಾನೇನ್ ಪೂಜೆ ಮಾಡ್ತೀನಿ ಅಂತ ಕೇಳ್ಕಂಡಿದ್ನಾ? ನೀನೇ ತಾನೆ ಮಾಡ್ಸಿದ್ದು?"

ಈ ವಾದ ಹೈಕೋರ್ಟಿನಲ್ಲೂ ಗೆಲ್ಲುತ್ತದೆ. ಗಂಡನತ್ತ ನೋಡಿದೆ. ಇವರು ಏಪ್ರನ್ ಬಿಚ್ಚಿ ನೀಟಾಗಿ ಮಡಿಸಿ ನನ್ನ ಕೈಗೆ ಕೊಟ್ಟರು.

"ನಾನಂತೂ ರೆಡಿ ಇದ್ದೆ ಕಣೇ. ನೀನೇ ಎಡೆ ಇಡಿಸ್ಬಿಟ್ಟೆ" ಅಂದು ಟಿವಿ ಹಾಕಿದರು.

ಎರಡು ಕೆಜಿ ಕೋಳಿಯನ್ನು ಹೊತ್ತುಕೊಂಡು ಹಿತ್ತಿಲಿಗೆ ನಡೆದೆ. ಅಂದು ಬೇಗ ಏಳದ ಕಾರಣ ಒಲೆ ಹೊತ್ತಿಸಿದ್ದು ತಡ, ಊಟವಾದಾಗ ಮೂರೂವರೆ. ಒದ್ದೆ ಮಟ್ಟೆ ಬೇರೆ. ಹೊಗೆಯಲ್ಲಿ ಅತ್ತರೆ ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಸ್ವಲ್ಪ ಅತ್ತೂ ಬಿಟ್ಟೆ. ನನಗೆ ನನ್ನ ಮೇಲೇ ಸಿಟ್ಟು.

ಹೋಗಲಿ, ಭಾನುವಾರ ಮೊದಲಿದ್ದ ಹಾಗೇ ಇದೆ, ಹೊಸದಾಗಿ ಕಳೆದುಕೊಂಡದ್ದೇನೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮುಂದಿನ ಶುಕ್ರವಾರ ಸಂಜೆ ಅತ್ತೆ ಮೂರು ಕೆಜಿ ಗೆಣಸು ತರಿಸಿದರು.

"ದೇವ್ರಿಗೆ ಒಂದ್ಸಲ ಇಟ್ಟು ಬುಟ್ಬುಡಕ್ಕಾಯ್ತದಾ? ಇನ್ಮೇಲೆ ಶನಿವಾರ ಶನಿವಾರ ಇಡಾನ. ಮೈಗೆ ನೀರು ಹಾಕ್ಕಂಡು ಮುಟ್ಟವ್ವ ಅದುನ್ನ."

ನಾನು ಗಂಡನನ್ನು ಹಿಡಿದೆ. "ರೀ, ಗ್ರಿಲ್ ನಿಮ್ ಡ್ಯೂಟಿ ಅಂದಿದ್ರಿ."

"ಭಾನ್ವಾರದ್ದು ಅಂದಿದ್ದೆ. ಶನಿವಾರ ಆರು ಗಂಟೆಗೆ ಕಂಪನಿ ಬಸ್ಸು ಕಣೇ" ಎಂದರು. ಮಗಳಿಗೆ ಕಾಲೇಜು. ಅತ್ತೆಯನ್ನು ಬಿಟ್ಟರೆ ಶನಿವಾರ ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ.

ಹಾಗಾಗಿ ಶನಿವಾರ ನಸುಕಿನಲ್ಲೇ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಗೆಣಸು ಹೆಚ್ಚುತ್ತಾ ನಿಂತೆ. ಸುದ್ದಿ ಕೇಳಿ ಗುಬ್ಬಿಯಿಂದ ನನ್ನ ನಾದಿನಿ ಗಂಡ ಮಕ್ಕಳ ಸಮೇತ ಒಂಬತ್ತಕ್ಕೆಲ್ಲ ಬಂದಿಳಿದಳು. ಅಕ್ಕಪಕ್ಕದ ಮನೆಯವರೂ ಬಂದರು. ಒಂದು ಸಲಕ್ಕೆ ಹದಿನಾರು ಬಿಲ್ಲೆ. ಎಷ್ಟು ಸಲ ಹಾಕಿ ತೆಗೆದೆನೋ ಲೆಕ್ಕ ತಪ್ಪಿತು.

"ಎಲ್ಲಾ ನಮ್ ತೇಜಸ್ವಿನಿದೇ ಕಣೇ" ಎಂದು ಅತ್ತೆ ತಮ್ಮ ಮಗಳ ಮುಂದೆ ನನ್ನ ಬೆನ್ನು ತಟ್ಟಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಇವ್ಳೇ ನಿಂತ್ಕಂಡು ಪೂಜೆ ಶುರು ಮಾಡ್ಸಿದ್ದು. ಇಂಥ ಭಕ್ತಿ ಇರೋ ಸೊಸೆ ಯಾರಿಗ್ ಸಿಕ್ತಾಳೆ ಹೇಳು?"

ಹದಿನೆಂಟು ವರ್ಷದಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಗ್ರಿಲ್ಲನ್ನು ಮಾರಿಬಿಡೋಣ ಎಂದು ತುಟಿಯವರೆಗೆ ಬಂದಿದ್ದ ಮಾತನ್ನು ನುಂಗಿಕೊಂಡೆ. ಭಾನುವಾರ ಬೇಕೆಂದು ಹೊರಟವಳು ಶನಿವಾರವನ್ನೂ ಕೊಟ್ಟು ಕೂತಿದ್ದೆ.

"ಪುಣ್ಯವಂತೆ ಅತ್ತಿಗೆ ನೀವು" ಎಂದು ನಾದಿನಿ ಐದನೇ ಬಿಲ್ಲೆಗೆ ಕೈ ಹಾಕಿದಳು. "ಮಕ್ಳ ಸ್ಕೂಲಿಗೆ ಶನಿವಾರಾನೂ ರಜ. ಹೆಂಗೂ ಬಂದಿದೀವಿ, ನಾಳೆ ಭಾನ್ವಾರ ನಿಮ್ ಕೈ ಬಾಡಿನ್ ಸಾರು ತಿನ್ಕಂಡೇ ಹೋಗ್ತೀವಿ. ಇನ್ಮೇಲೆ ಪ್ರತಿ ವಾರ ಹಿಂಗೇ ಬರಾನ ಅಂತಿದೀವಿ."

ನಾನು ಟ್ರೇ ತೊಳೆದಿಟ್ಟು, ನಾಳೆಗೆ ಮಟ್ಟೆ ಒಣಗಿದೆಯೋ ಇಲ್ಲವೋ ನೋಡಲು ಹಿತ್ತಿಲಿಗೆ ಹೋದೆ.