ಎರಡನೇ ಸಾಲಿನ ಚೈನಿಗೆ ನಿಂಬೆರಸ ತಗುಲಿದ ಬಗ್ಗೆ

ತಿರುಗುವ ವಸ್ತುಗಳ ವಿಭಾಗ
(ಚೈನು, ಚಕ್ರ, ಫ್ಯಾನು ಇತ್ಯಾದಿ)
ಮೀನು ಡಬ್ಬಿ ಕಾರ್ಖಾನೆ, ಚಿಂಬೋಟೆ ಬಂದರು

ಸುತ್ತೋಲೆ ಸಂಖ್ಯೆ: ತಿವವಿ/ತುಕ್ಕು/2/ನಿಂಬೆ

ವಿಷಯ: ತುಕ್ಕು ಹಿಡಿಸುವ ಪರಿಸರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ರೋಲರ್ ಚೈನುಗಳ ಆಯ್ಕೆ, ಪಾಲನೆ ಹಾಗೂ ದೊನ್ಯಾ ತೆಯೊದೊಲಿಂದಾ ಚೌಕಾ ಅವರ ಮಧ್ಯಾಹ್ನದ ಊಟ.

ಉಲ್ಲೇಖ: ಹೆಜ್ಜಾರ್ಲೆ ಹಕ್ಕಿಗಳು ಕನ್ವೇಯರ್ ಮೇಲೆ ಕೂರುವುದನ್ನು ನಿಷೇಧಿಸಿದ ಹಿಂದಿನ ಸುತ್ತೋಲೆ. (ಹಕ್ಕಿಗಳಿಂದ ಈವರೆಗೆ ಉತ್ತರ ಬಂದಿರುವುದಿಲ್ಲ.)

ಮೀನು ತೊಳೆಯುವ ಎರಡನೇ ಸಾಲಿನ ಕನ್ವೇಯರ್ ಚೈನು ಕೆಂಪಗೆ ತುಕ್ಕು ಹಿಡಿದು, ಹಿಂದಿನ ವಾರದ ಸೋಮವಾರ ಬೆಳಿಗ್ಗೆ ತುಂಡಾಗಿ ಬಂಗಡೆಯ ತೊಟ್ಟಿಗೆ ಬಿದ್ದಿರುತ್ತದೆ. ಸದರಿ ಚೈನಿನ ಪಕ್ಕದಲ್ಲೇ ನಿಂತು ಮೀನು ಹೆಚ್ಚುವ ದೊನ್ಯಾ ತೆಯೊದೊಲಿಂದಾ ಅವರು ಪ್ರತಿ ಮಧ್ಯಾಹ್ನ ಹಸಿ ಮೀನಿಗೆ ಉಪ್ಪು, ಈರುಳ್ಳಿ, ಮೆಣಸಿನಕಾಯಿ ಬೆರೆಸಿ, ಮೇಲೆ ನಿಂಬೆ ಹಿಂಡಿ, ಸೆವಿಚೆ ಕಲಸಿ ಇಡೀ ಸಾಲಿಗೆ ಬಡಿಸುತ್ತಾರೆಂಬುದೂ, ಹಿಂಡುವಾಗ ರಸವು ಚೈನಿನ ಕಡೆಗೇ ಚಿಮ್ಮುತ್ತದೆಂಬುದೂ ವಿಭಾಗದ ಗಮನಕ್ಕೆ ಬಂದಿರುತ್ತದೆ. ಆದಕಾರಣ ಅವರನ್ನು ಐಸ್ ಮನೆಗೆ ವರ್ಗಾಯಿಸಿ ಮಂಗಳವಾರ ಆದೇಶಿಸಲಾಗಿತ್ತು. ಐಸ್ ಮನೆಯ ಚಳಿಗೆ ತಮ್ಮ ಮಂಡಿ ಮಡಚಲು ಬರುವುದಿಲ್ಲವೆಂದೂ, ತಾವು ಹೋದರೆ ಸಾಲಿನ ಹೆಂಗಸರು ಮಧ್ಯಾಹ್ನ ಒಣ ಬ್ರೆಡ್ಡು ಅಗಿಯುತ್ತ ಕೂರಬೇಕಾಗುತ್ತದೆಂದೂ ಅವರು ಅಹವಾಲು ಸಲ್ಲಿಸಿದ್ದಾರೆ. ಆದೇಶದ ಪ್ರತಿ ಕೈಗೆ ಬಂದಾಗ ಅವರು ಚಾಕುವನ್ನು ಏಪ್ರನ್ನಿಗೆ ಒರೆಸಿಕೊಂಡರು. ಇದನ್ನು ಬೆದರಿಕೆ ಎಂದು ಪರಿಗಣಿಸಲಾಗಿತ್ತು; ಮರುಪರಿಶೀಲನೆಯ ನಂತರ ಪರಿಗಣಿಸದಿರಲು ತೀರ್ಮಾನಿಸಲಾಗಿದೆ.

ಪ್ರಕರಣದ ವಿಚಾರಣೆ ಮುಗಿದಿದ್ದು, ಎಲ್ಲ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. "ತುಕ್ಕು ಹಿಡಿಸುವ ಪರಿಸರ" ಎಂದರೆ ಸಮುದ್ರದ ಗಾಳಿ, ಮೀನಿನ ಉಪ್ಪುನೀರು, ರಾತ್ರಿ ಪಾಳಿಯವರು ಎರಚುವ ಬ್ಲೀಚಿಂಗ್ ನೀರು ಹಾಗೂ ದೊನ್ಯಾ ತೆಯೊದೊಲಿಂದಾ ಅವರ ಬಲಗೈ ಎಂದು ಅರ್ಥೈಸತಕ್ಕದ್ದು.

2. ವಿಚಾರಣೆಯ ಹೇಳಿಕೆಗಳನ್ನು ಭಾಷೆ ತಿದ್ದದೆ ಇಲ್ಲಿ ದಾಖಲಿಸಲಾಗಿದೆ.

ದೊನ್ಯಾ ತೆಯೊದೊಲಿಂದಾ: "ಅಷ್ಟು ನಾಜೂಕು ಮೈ ಇದ್ರೆ ಈ ಚೈನು ಮೀನಿನ ಕಾರ್ಖಾನೆಗೆ ಯಾಕ್ರೀ ಬಂತು? ಉಪ್ಪುನೀರಲ್ಲಿ ಮುಳುಗಿ ಏಳ್ತದೆ, ನಿಮ್ಮೋರು ಬ್ಲೀಚಿಂಗ್ ಹುಯ್ತಾರೆ, ಅದಕ್ಕೆಲ್ಲ ಏನೂ ಆಗ್ಲಿಲ್ಲ. ನನ್ನ ನಾಲ್ಕು ತೊಟ್ಟು ನಿಂಬೆಗೆ ಪ್ರಾಣ ಬಿಟ್ಬಿಡ್ತಾ?"

ವಿಭಾಗದ ಮುಖ್ಯಸ್ಥರು: "ಅಮ್ಮಾ, ಇದು ಸ್ಟೇನ್‌ಲೆಸ್ಸು. ಬಿಲ್ಲಲ್ಲೇ ಬರ್ದಿದೆ."

ಪಕ್ಕದ ಮೇಜಿನ ನೆಲಿದಾ ಅಲ್ವಾರೊನ್: "ಬಿಲ್ಲಲ್ಲಿ ಏನ್ ಬೇಕಾದ್ರೂ ಬರೀತಾರೆ ಇಂಜಿನಿಯರ್ ಸಾಹೇಬ್ರೆ. ನಿಮ್ಮ ಬಾಗಿಲ ಮೇಲೂ ಇಂಜಿನಿಯರ್ ಅಂತ ಬರ್ದಿದಾರೆ."

ಈ ಹಂತದಲ್ಲಿ ಉಂಟಾದ ನಗುವನ್ನು ಕಡತದಿಂದ ತೆಗೆದುಹಾಕಲಾಗಿದೆ.

3. ಸತ್ಯಾಂಶವನ್ನು ಖಚಿತಪಡಿಸಿಕೊಳ್ಳಲು ಮೂರು ಚೈನು ತುಂಡುಗಳನ್ನು ಮೂರು ಬಟ್ಟಲುಗಳಲ್ಲಿ, ಸದರಿಯವರೇ ಕಲಸಿದ ಉಪ್ಪು-ನಿಂಬೆರಸದಲ್ಲಿ ನೆನೆಹಾಕಲಾಯಿತು. ಫಲಿತಾಂಶ ಹೀಗಿದೆ:

(ಅ) ತುಂಡಾದ ಹಳೆಯ ಚೈನು. ಊಟದ ಗಂಟೆ ಹೊಡೆಯುವ ಮೊದಲೇ ರಸ ಕೆಂಪಾಯಿತು. ಇದು ಸ್ಟೇನ್‌ಲೆಸ್ ಅಲ್ಲ, ನಿಕ್ಕಲ್ ಲೇಪದ ಸಾದಾ ಉಕ್ಕು ಎಂದು ಕಂಡುಬಂದಿದೆ. ಲೇಪ ಸವೆದ ಮೇಲೆ ಇಂಥ ಚೈನಿಗೆ ಜೋರಾಗಿ ಸೀನಿದರೂ ತುಕ್ಕು ಹಿಡಿಯುತ್ತದೆ.

(ಆ) ಸಾಮಾನ್ಯ ದರ್ಜೆಯ ಸ್ಟೇನ್‌ಲೆಸ್. ಮೂರನೇ ದಿನ ಅಲ್ಲಲ್ಲಿ ಕಂದು ಚುಕ್ಕೆ ಎದ್ದವು. ಒಣ ಜಾಗದಲ್ಲಿ ಗೌರವದಿಂದ ಬಾಳಬಲ್ಲದು.

(ಇ) ಮಾಲಿಬ್ಡಿನಮ್ ಬೆರೆಸಿದ, ಸಮುದ್ರದ ಕೆಲಸಕ್ಕೆಂದೇ ಬರುವ 316 ದರ್ಜೆ. ವಾರವಿಡೀ ನೆನೆದರೂ ಹೊಳಪು ಮಾಸಲಿಲ್ಲ. ಈ ಬಟ್ಟಲಿನ ರಸ ಮಾತ್ರ ಎರಡು ಬಾರಿ ಕಡಿಮೆಯಾಗಿದ್ದು, ಆವಿಯಾಯಿತೆಂದು ದಾಖಲಿಸಲಾಗಿದೆ. "ಆ ಆವಿ ಮೀಸೆ ಒರೆಸ್ಕೊಂಡು ಹೋಗೋದನ್ನ ನಾನೇ ಕಂಡೆ" ಎಂಬ ನೆಲಿದಾ ಅವರ ಹೇಳಿಕೆಯನ್ನು ತಿರಸ್ಕರಿಸಲಾಗಿದೆ.

4. ಆದುದರಿಂದ ಇನ್ನು ಮುಂದೆ ಎರಡನೇ ಸಾಲಿಗೆ (ಇ) ದರ್ಜೆಯ ಚೈನನ್ನೇ ಖರೀದಿಸತಕ್ಕದ್ದು. ಅದರ ಎರಡು ತುದಿಗಳನ್ನು ಜೋಡಿಸುವ ಚೈನ್ ಲಾಕ್ ಕೂಡ ಅದೇ ಉಕ್ಕಿನದಾಗಿರಬೇಕು. ಸೈಕಲ್ಲಿನ ಚೈನ್ ಲಾಕ್, ಬೇಲಿಯ ತಂತಿ, ತಲೆಗೂದಲ ಪಿನ್ನು ಇವುಗಳಿಂದ ಚೈನು ಜೋಡಿಸುವುದನ್ನು ನಿಷೇಧಿಸಲಾಗಿದೆ. ಪಿನ್ನು ನೆಲಿದಾ ಅವರದೆಂದು ಗುರುತಿಸಲಾಗಿದ್ದು, ತೊಳೆದು ಹಿಂತಿರುಗಿಸಲಾಗಿದೆ.

5. ಬ್ಲೀಚಿಂಗ್ ನೀರು ಹಾಕಿದ ಮೇಲೆ ಚೈನನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಒಣಗಿಸಿ, ಆಹಾರಕ್ಕೆ ತಗುಲಿದರೂ ತೊಂದರೆಯಿಲ್ಲದ ಎಣ್ಣೆಯನ್ನು ಕೊಂಡಿಗಳ ಸಂದಿಗೆ ಬಿಡತಕ್ಕದ್ದು. ಸ್ಟೇನ್‌ಲೆಸ್‌ಗೂ ಎಣ್ಣೆ ಬೇಕು. ಬೇಡವೆಂದು ಇದೇ ವಿಭಾಗ ಈ ಹಿಂದೆ ಹೊರಡಿಸಿದ ಸುತ್ತೋಲೆಯನ್ನು ಯಾರೂ ಓದಿರಲಿಲ್ಲವಾದ್ದರಿಂದ ಹಿಂಪಡೆಯುವ ಅಗತ್ಯ ಕಂಡುಬಂದಿಲ್ಲ.

6. ಚೈನು ಹಿಗ್ಗಿದೆಯೇ ಎಂಬುದನ್ನು ಅಳತೆಪಟ್ಟಿಯಿಂದ ನೋಡತಕ್ಕದ್ದು. ಮೊಳ ಹಾಕಿ ನೋಡುವ ಪದ್ಧತಿಯಲ್ಲಿ ಗಿಡ್ಡಗಿರುವವರು ಅಳೆದಾಗಲೆಲ್ಲ ಚೈನು ಉದ್ದವಾಗುತ್ತಿದೆ.

7. ಸ್ಟೇನ್‌ಲೆಸ್ ಚೈನು ಸಾದಾ ಉಕ್ಕಿನ ಚೈನಿನಷ್ಟು ಭಾರ ತಾಳುವುದಿಲ್ಲ. ಮಂಡಿ ನೋವಿನ ಕಾರಣಕ್ಕೂ ಯಾರೂ ಕನ್ವೇಯರ್ ಮೇಲೆ ಕುಳಿತು ಆ ತುದಿಗೆ ಪ್ರಯಾಣ ಮಾಡಕೂಡದು.

8. ಇನ್ನು ವರ್ಗಾವಣೆಯ ವಿಷಯ. ಕಾರ್ಖಾನೆಗೆ ಬರುವ ಪ್ರತಿಯೊಂದು ಚೈನನ್ನೂ ದೊನ್ಯಾ ತೆಯೊದೊಲಿಂದಾ ಅವರ ರಸದಲ್ಲಿ ನೆನೆಹಾಕಿ ಪರೀಕ್ಷಿಸಿದ ನಂತರವೇ ಹಣ ಪಾವತಿಸಲು ಆಡಳಿತ ಮಂಡಳಿ ಒಪ್ಪಿರುತ್ತದೆ. ಆ ಪ್ರಕಾರ ಅವರು ನಿಂತಿರುವ ಸ್ಥಳ, ಮೇಜು, ಬಟ್ಟಲು ಹಾಗೂ ಸ್ವತಃ ಅವರನ್ನು ಒಟ್ಟಾಗಿ ಈ ಕಾರ್ಖಾನೆಯ ಪ್ರಯೋಗಾಲಯವೆಂದು ಘೋಷಿಸಲಾಗಿದೆ. ಪ್ರಯೋಗಾಲಯವನ್ನು ಐಸ್ ಮನೆಗೆ ವರ್ಗಾಯಿಸಲು ನಿಯಮಗಳಲ್ಲಿ ಅವಕಾಶವಿಲ್ಲದ ಪ್ರಯುಕ್ತ ಮಂಗಳವಾರದ ಆದೇಶವನ್ನು ರದ್ದುಪಡಿಸಲಾಗಿದೆ.

9. ಇದನ್ನು ಓದಿ ಹೇಳಿದಾಗ ಪ್ರಯೋಗಾಲಯವು ಮೂಗು ಒರೆಸಿಕೊಂಡು, "ಆಯ್ತು, ಈರುಳ್ಳಿ ಯಾರು ತರ್ತೀರಿ?" ಎಂದು ಕೇಳಿತು. ವಿಭಾಗವೇ ತರತಕ್ಕದ್ದು.

ಈ ಸುತ್ತೋಲೆ ಊಟದ ಗಂಟೆಯಿಂದ ಜಾರಿಗೆ ಬರುತ್ತದೆ.

ಸಹಿ/-
ಇಂಜಿನಿಯರ್ ಎಲ್ಮೆರ್ ಬಾಲ್ತೊದಾನೊ
ಮುಖ್ಯಸ್ಥರು, ತಿರುಗುವ ವಸ್ತುಗಳ ವಿಭಾಗ

ಪ್ರತಿಗಳು:
1. ಪ್ರಯೋಗಾಲಯಕ್ಕೆ, ಮಾಹಿತಿಗಾಗಿ.
2. ಹಳೆಯ ಚೈನು ಮಾರಿದ ವ್ಯಾಪಾರಿಗೆ, ಕೆಂಪು ರಸದ ಬಟ್ಟಲಿನೊಂದಿಗೆ.
3. ಹೆಜ್ಜಾರ್ಲೆಗಳಿಗೆ, ಜ್ಞಾಪನಾ ಪತ್ರವಾಗಿ.
4. ಐಸ್ ಮನೆಯ ಮೇಲ್ವಿಚಾರಕರಿಗೆ. ಚೈನಿನ ಹಿತದೃಷ್ಟಿಯಿಂದ ದೊನ್ಯಾ ತೆಯೊದೊಲಿಂದಾ ಅವರನ್ನು ಕೂಡಲೇ ತಮ್ಮಲ್ಲಿಗೆ ಕಳಿಸಿಕೊಡಬೇಕೆಂದು ತಾವು ಬರೆದ ಗುಟ್ಟಿನ ಪತ್ರವನ್ನು ಇದರೊಂದಿಗೆ ಹಿಂತಿರುಗಿಸಲಾಗಿದೆ. ತಾವು ಮುಂಗಡವಾಗಿ ತರಿಸಿಟ್ಟುಕೊಂಡಿರುವ ಒಂದು ಮೂಟೆ ನಿಂಬೆಹಣ್ಣನ್ನು ಎರಡನೇ ಸಾಲಿಗೆ ತಲುಪಿಸತಕ್ಕದ್ದು.