ದವಡೆ ಹಲ್ಲು ಮರಗಟ್ಟಿಸಿದ ಬಗೆ

ಮಕ್ಕಳ ಹಲ್ಲು ನೋಡುವವನ ಕುರ್ಚಿಯ ಸುತ್ತ ಗಾಂಭೀರ್ಯ ನಿಲ್ಲುವುದಿಲ್ಲ. ನಾನು ನಿಲ್ಲಿಸಲು ನೋಡುತ್ತಲೇ ಇದ್ದೇನೆ. ಯಾರಾದರೂ ಬಂದು ಕೆಡಿಸುತ್ತಲೇ ಇದ್ದಾರೆ.

ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಕ್ಲಿನಿಕ್ಕಿನಲ್ಲಿ ಕಟ್ಟಳೆ ಒಂದೇ: ಮಗುವಿಗೆ ಸುಳ್ಳು ಹೇಳಕೂಡದು. ಸೂಜಿ ಇಲ್ಲ ಎಂದು ನಂಬಿಸಿ ಚುಚ್ಚಿದರೆ ಆ ಮಗು ಬೆಳೆದು ಮುದುಕನಾದರೂ ಹಲ್ಲಿನ ಡಾಕ್ಟರ ಬಾಗಿಲು ತುಳಿಯುವುದಿಲ್ಲ. ಇದು ಕಾನ್ವೆಂಟಿನಲ್ಲಿ ಅಂಟಿಕೊಂಡ ರೋಗ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಇರಲಿ.

೧. ಬರೀ ಸೂಜಿ

ಜಾವಗಲ್ಲಿನ ಕೊಬ್ಬರಿ ವ್ಯಾಪಾರಿಯೊಬ್ಬರು ಏಳು ವರ್ಷದ ಮೊಮ್ಮಗಳನ್ನು ಕರೆತಂದರು. ತಾತನ ಹಣೆ ತುಂಬ ವಿಭೂತಿ, ಎಡಗೆನ್ನೆಯೊಳಗೆ ಒಂದು ಲವಂಗ.

"ಹಾಲುಹಲ್ಲು ತಾನೇ ಡಾಕ್ಟ್ರೇ, ಹೋದ್ರೆ ಇನ್ನೊಂದು ಬತ್ತದೆ."

"ಬರುವುದಿಲ್ಲ ಯಜಮಾನರೇ. ಇದು ಆರನೇ ವರ್ಷಕ್ಕೆ ಬಂದ ಕಾಯಂ ದವಡೆ ಹಲ್ಲು. ಹುಳುಕು ನರದ ಹತ್ತಿರ ಹೋಗಿದೆ. ಬೇಗ ತುಂಬಿಸದಿದ್ದರೆ ಕೀಳಬೇಕಾಗುತ್ತೆ. ಜೀವಮಾನವೆಲ್ಲ ಆ ಜಾಗ ಖಾಲಿ."

ಅವರ ಮುಖ ಸಣ್ಣದಾಯಿತು. ಮೊಮ್ಮಗಳ ಕಡೆ ತಿರುಗಿ, "ಏನೂ ಚುಚ್ಚಲ್ಲ ಕಣೇ ಪುಟ್ಟಿ, ಟಾರ್ಚ್ ಬಿಟ್ಟು ನೋಡ್ತಾರೆ ಅಷ್ಟೆಯ. ನೋವೇ ಆಗಲ್ಲ," ಎಂದರು.

ನಾನು ತಿದ್ದಿದೆ. "ಚುಚ್ಚುತ್ತೇನೆ, ಪುಟ್ಟಿ. ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿ ನೋಯುತ್ತೆ. ಆಮೇಲೆ ಮರಗಟ್ಟುತ್ತೆ. ಕೂಗಬಹುದು, ಅಲುಗಾಡಬಾರದು."

ಸತ್ಯದ ಪರಿಣಾಮ ತಕ್ಷಣ ಕಾಣಿಸಿತು. ಹುಡುಗಿ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ, ಜಾವಗಲ್ ಬಸ್ಸಿನ ಕಿಟಕಿ ಸೀಟಿನಲ್ಲಿ.

೨. ಮುಲಾಮು

ಮುಂದಿನ ವಾರ, ಸೂಜಿಗೆ ಮೊದಲು ವಸಡಿನ ಮೇಲ್ಪದರವನ್ನು ಮರಗಟ್ಟಿಸುವ ಸ್ಟ್ರಾಬೆರಿ ವಾಸನೆಯ ಮುಲಾಮು ತೆಗೆದಿಟ್ಟೆ. ಕೈ ತೊಳೆಯಲು ಈ ಕಡೆ ತಿರುಗಿದ್ದೇನೆ, ಅಷ್ಟರಲ್ಲಿ ತಾತ, ಮಗುವಿಗೆ ಹಾಕುವ ಪದಾರ್ಥ ಪರೀಕ್ಷಿಸದೆ ಬಿಡುವುದುಂಟೇ ಎಂದು, ದೊಡ್ಡ ಬೆರಳಷ್ಟು ಬಳಿದು ನಾಲಿಗೆಗೆ ಸವರಿಕೊಂಡಿದ್ದಾರೆ. ಕೊಬ್ಬರಿಯನ್ನೂ ಹಾಗೇ ನೋಡುವುದಂತೆ, ಬಾಯಿಗೆ ಹಾಕಿ.

ಸ್ವಲ್ಪ ಹೊತ್ತಿಗೆ ಅರಸೀಕೆರೆಯ ಕೊಬ್ಬರಿ ಮಂಡಿಯಿಂದ ಅವರ ಗುಮಾಸ್ತನ ಫೋನ್ ಬಂತು. ತಾತ ಏನೋ ಹೇಳಲು ಹೋದರು. ಬಾಯಿಂದ ಬಂದದ್ದು ಮಾತಲ್ಲ. ಗುಮಾಸ್ತ ಹೆದರಿ, ಇಬ್ಬರು ಹಮಾಲಿಗಳನ್ನು ಆಟೋದಲ್ಲಿ ಹಾಕಿಕೊಂಡು ನುಗ್ಗಿಬಂದ. "ಯಜಮಾನ್ರಿಗೆ ಲಕ್ವ ಹೊಡೆದೈತೆ! ಎತ್ರಲಾ, ಎತ್ರೋ!"

ಲಕ್ವವಲ್ಲ, ಸ್ಟ್ರಾಬೆರಿ ಎಂದು ನಾನು ವಿವರಿಸುವುದರೊಳಗೆ ಯಜಮಾನರು ಆಟೋದಲ್ಲಿದ್ದರು. ಹುಡುಗಿ ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದಳು.

೩. ಯಂತ್ರ

ಆಗ ಹೊಸದಾಗಿ ಒಂದು ಯಂತ್ರ ತರಿಸಿದ್ದೆ. ಔಷಧವನ್ನು ಹನಿಹನಿಯಾಗಿ, ನಿಧಾನವಾಗಿ ಬಿಡುತ್ತದೆ. ಒತ್ತಡದ ನೋವು ಕಡಿಮೆ. ಹನಿ ಇಳಿಯುತ್ತಿದೆ ಎಂದು ತಿಳಿಸಲು ಪೀಂ, ಪೀಂ ಎನ್ನುತ್ತದೆ. ಮೊದಲು ತೋರಿಸಿ ಆಮೇಲೆ ಮಾಡುವುದು ನನ್ನ ಪದ್ಧತಿ. ಮೂರನೇ ಸಲ ಬಂದ ಹುಡುಗಿಗೆ ತೋರಿಸಲು ಗುಂಡಿ ಒತ್ತಿದೆ.

ಪರದೆಯಾಚೆ ತೂಕಡಿಸುತ್ತಿದ್ದ ತಾತ ಎದ್ದುನಿಂತು ಗರ್ಜಿಸಿದರು: "ಬರ್ಲಿ, ಬರ್ಲಿ, ಲೆಫ್ಟು... ಸಾಕ್ ಸಾಕ್, ನಿಲ್ಸ್ಲಾ!"

ಮೂಟೆ ತುಂಬಲು ಲಾರಿ ಹಿಂದಕ್ಕೆ ಬರುವಾಗ ಇದೇ ಸದ್ದಂತೆ. ಹುಡುಗಿ ನಕ್ಕು ಕುರ್ಚಿಯಿಂದ ಕೆಳಗಿಳಿದಳು. ಇಳಿಯುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ.

"ಇದರ ತುದಿಯಲ್ಲಿರೋದೂ ಸೂಜಿನೇ ಅಲ್ವಾ?"

"ಹೌದು."

"ಇದು ನಿಧಾನ, ಅದು ಬೇಗ. ಎರಡೂ ಬೇಡ."

ಇಷ್ಟು ಖಚಿತವಾದ ಹೋಲಿಕೆಯನ್ನು ನನ್ನ ಪ್ರೊಫೆಸರೂ ಮಾಡಿರಲಿಲ್ಲ.

೪. ಮತ್ತೆ ಸೂಜಿ

ಮುಂದಿನ ಸಲಕ್ಕೆ ಹುಳುಕು ಇನ್ನಷ್ಟು ಇಳಿದಿತ್ತು. "ಇವತ್ತು ಆಗದಿದ್ದರೆ ಹಲ್ಲು ಉಳಿಯುತ್ತೆ ಅಂತ ನಾನು ಹೇಳಲಾರೆ," ಎಂದೆ. ತಾತ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. "ಕುತ್ಕೊಳೇ ನನ್ನವ್ವ. ನಿನ್ನಾಣೆಗೂ ನೋವಾಗಲ್ಲ."

"ನೋವೇ ಆಗಲ್ವಾ?"

"ಇಲ್ಲ ಕಣೇ."

"ಹಂಗಾದ್ರೆ ಮೊದಲು ನೀನು ಕುತ್ಕೋ. ಡಾಕ್ಟ್ರೇ, ತಾತಂಗೆ ದಿನಾ ಹಲ್ಲು ನೋವು. ಅದಕ್ಕೇ ಲವಂಗ."

ಬಾಯಿ ತೆಗೆಸಿ ನೋಡಿದೆ. ಹಿಂಬದಿಯಲ್ಲಿ ಒಂದು ಬೇರು ಕೊಳೆತು ಕೂತಿತ್ತು. ಬಿಪಿ, ಶುಗರ್ ವಿಚಾರಿಸಿದೆ. ಅಡ್ಡಿ ಇರಲಿಲ್ಲ. ಅದೇ ಅವರ ದುರದೃಷ್ಟ.

ಅವರು ನನ್ನ ಕಿವಿಯ ಹತ್ತಿರ ಬಂದು, "ಡಾಕ್ಟ್ರೇ, ಸುಮ್ಕೆ ಚುಚ್ಚಿದಂಗೆ ಮಾಡ್ಬಿಡಿ," ಎಂದರು.

"ಇಲ್ಲಿ ಹಾಗೆಲ್ಲ ನಡೆಯುವುದಿಲ್ಲ ಯಜಮಾನರೇ."

ತಾತ ಕುರ್ಚಿಯಲ್ಲಿ ಒರಗಿ, ಕಣ್ಣುಮುಚ್ಚಿ, ಶಿವಶಿವಾ ಎಂದರು. ಹುಡುಗಿ ಅವರ ಕೈಗೆ ತನ್ನ ಕೈ ಕೊಟ್ಟು ಪಕ್ಕದಲ್ಲಿ ನಿಂತಳು. ಅವಳ ಬಾಯಲ್ಲಿ ನನ್ನದೇ ಮಾತು ಕೇಳಿಸಿತು: "ಚುಚ್ಚುತ್ತೆ, ತಾತ. ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿ. ಆಮೇಲೆ ಮರಗಟ್ಟುತ್ತೆ. ಕೂಗಬಹುದು, ಅಲುಗಾಡಬಾರದು."

ತಾತ ಕೂಗಿದರು. ಅಲುಗಾಡಲಿಲ್ಲ. ಬೇರು ಹೊರಬಂತು.

ಆಮೇಲೆ ಹುಡುಗಿ ತಾನಾಗಿ ಹತ್ತಿ ಕೂತಳು. ಮುಲಾಮು ಹಚ್ಚಿ, ಮಾಮೂಲು ಸೂಜಿಯನ್ನೇ ನಿಧಾನವಾಗಿ ಕೊಟ್ಟೆ. ಒಂದು ಹನಿ ನೀರು ಕಣ್ಣಂಚಿಗೆ ಬಂತು, ಅಷ್ಟೇ. ಹುಳುಕು ತೆಗೆದು ಹಲ್ಲು ತುಂಬಿದೆ. ನರ ಬದುಕಿತ್ತು. ಹಲ್ಲು ಉಳಿಯಿತು.

ಹೊರಡುವಾಗ, ಎಲ್ಲರನ್ನೂ ಕೇಳುವಂತೆ ಇಬ್ಬರನ್ನೂ ಕೇಳಿದೆ. "ನೋವಾಯ್ತಾ?"

ತಾತ ಹತ್ತಿ ಕಚ್ಚಿಕೊಂಡೇ ಗಂಭೀರವಾಗಿ ಇಲ್ಲವೆಂದು ತಲೆಯಾಡಿಸಿದರು.

"ನನಗಾಯ್ತು," ಎಂದಳು ಹುಡುಗಿ.

ನನಗೆ ಕೆಡುಕೆನಿಸಿತು. "ಎಲ್ಲಮ್ಮ? ಚುಚ್ಚಿದ ಕಡೆನಾ?"

ಅವಳು ಅಂಗೈ ತಿರುಗಿಸಿ ಮುಂದೆ ಚಾಚಿದಳು. ಮಣಿಕಟ್ಟಿನ ಮೇಲೆ ಸಾಲಾಗಿ, ಕೆಂಪಗೆ, ತಾತನ ನಾಲ್ಕು ಉಗುರಿನ ಗುರುತು.