ಮುಹೂರ್ತಕ್ಕೆ ಅಡ್ಡ ಬಂದ ವಾಲ್ವು

ಅನ್ನವಿತ್ತ ದೈವಕ್ಕೆ, ಅಕ್ಷರವಿತ್ತ ಗುರುಗಳಿಗೆ, ಪರದೇಶದಲ್ಲೂ ದೀಪ ಹಚ್ಚಲು ಒಂದು ದೇವರ ಮನೆ ಒದಗಿದ ಭಾಗ್ಯಕ್ಕೆ ಮೊದಲು ಕೈ ಮುಗಿಯುತ್ತೇನೆ. ಬಳಿಕ, ನನ್ನ ಹೆಂಡತಿಗೆ ಒಬ್ಬನೇ ತಮ್ಮನನ್ನು ಕೊಟ್ಟು ಎರಡನೆಯವನನ್ನು ಕೊಡದೆ ಉಳಿಸಿದ ಭಗವಂತನ ಕೃಪೆಗೆ ಇನ್ನೊಮ್ಮೆ ಕೈ ಮುಗಿಯುತ್ತೇನೆ. ಅಂಥವರು ಇಬ್ಬರಿದ್ದಿದ್ದರೆ ನಮ್ಮ ಮನೆಯಲ್ಲಿ ಯಾರಿಗಾದರೂ ಕಾಫಿ ಕಾಯಿಸುವ ಧೈರ್ಯ ಬರುತ್ತಿತ್ತೇ?

ನಮ್ಮಂತೆಯೇ ಷಿಕಾಗೋ ಬಳಿ, ನೇಪರ್‌ವಿಲ್‌ನಲ್ಲಿರುವ ಈ ಭಾವಮೈದುನ ಎಂಜಿನಿಯರು. ಜಗತ್ತಿನಲ್ಲಿ ಸರಿಯಾಗಿ ನಡೆಯುತ್ತಿರುವುದು ಕೆಟ್ಟರೆ ಏನಾದೀತು ಎಂದು ಚಿಂತಿಸುವುದಕ್ಕೆ ಅವನಿಗೆ ಸಂಬಳ. ಉಳಿದ ಹೊತ್ತಿನಲ್ಲಿ ಅದೇ ಚಿಂತೆಯನ್ನು ಉಚಿತವಾಗಿ ಮಾಡುತ್ತಾನೆ. ಒಮ್ಮೆ ದೇವಸ್ಥಾನದಲ್ಲಿ ಅಭಿಷೇಕ ನಡೆಯುತ್ತಿತ್ತು. ನಾವೆಲ್ಲ ಕಣ್ಣು ಮುಚ್ಚಿ ನಿಂತಿದ್ದರೆ, ಇವನು ಹೊಸ್ತಿಲಿಗೆ ಬಗ್ಗಿ ಹಾಲು ಹರಿದುಹೋಗುವ ಕಿಂಡಿಯನ್ನು ಪರೀಕ್ಷಿಸುತ್ತಿದ್ದ.

“ಸ್ವಾಮಿ, ಈ ಕಿಂಡಿ ಕಟ್ಕೊಂಡ್ರೆ ಹಾಲೆಲ್ಲ ಎಲ್ಲಿಗೆ ಹೋಗತ್ತೆ?”

ತರುಣ ಅರ್ಚಕರು ಎರಡು ಮಂತ್ರಗಳ ನಡುವೆ ಉಸಿರು ತೆಗೆದುಕೊಂಡು, “ಅಂಕಲ್, ಅವತ್ತು ನಿಮಗೇ ಫೋನ್ ಮಾಡ್ತೀವಿ” ಎಂದರು.

ತನ್ನ ಕಸುಬೇನೆಂಬುದನ್ನು ಅವನು ನನಗೆ ಬೋಧಿಸಿದ್ದು ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಊಟದ ಮೇಜಿನಲ್ಲಿ, ನನ್ನದೇ ಮಜ್ಜಿಗೆಯನ್ನು ವಶಪಡಿಸಿಕೊಂಡು. ಲೋಟಕ್ಕೆ ಸ್ಟ್ರಾ ಹಾಕಿ ಹೀರತೊಡಗಿದ.

“ಈಗ ಮಜ್ಜಿಗೆ ಬರ್ತಿದೆ ಭಾವ. ಮುಗೀಲಿ, ನೋಡಿ.” ತಳದಲ್ಲಿ ಗೊರಗೊರ ಸದ್ದಾಯಿತು. “ಈಗ ಬರ್ತಿರೋದು ಗಾಳಿ. ಇದೇ ನನ್ನ ಕೆಲ್ಸ.”

“ಏನು, ಇನ್ನೊಬ್ಬರ ಮಜ್ಜಿಗೆ ಮುಗಿಸೋದಾ?”

ಅವನು ಮನನೊಂದು ವಿವರಿಸಿದ. ಕಾರ್ಖಾನೆಯಲ್ಲಿ ಹೆಚ್ಚು ಒತ್ತಡದ ಒಂದು ಪಾತ್ರೆ. ತಳದಲ್ಲಿ ದ್ರವ, ಮೇಲೆ ಅನಿಲ. ದ್ರವವು ಹರಿವನ್ನು ಹೆಚ್ಚುಕಡಿಮೆ ಮಾಡುವ ಕಂಟ್ರೋಲ್ ವಾಲ್ವಿನ ಮೂಲಕ ಅಷ್ಟು ಗಟ್ಟಿಯಲ್ಲದ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ವಾಲ್ವು ಪೂರ್ತಿ ತೆರೆದೇ ಸಿಕ್ಕಿಕೊಂಡಿತೆನ್ನಿ. ದ್ರವ ಬರಿದಾಗುತ್ತದೆ, ಹಿಂದೆಯೇ ಅನಿಲ ನುಗ್ಗುತ್ತದೆ. ಎರಡನೆಯ ಪಾತ್ರೆ ಒಡೆಯಬಾರದೆಂದರೆ ಅದರ ನೆತ್ತಿಯಲ್ಲಿರುವ ರಿಲೀಫ್ ವಾಲ್ವು ತೆರೆದುಕೊಂಡು ಅಷ್ಟನ್ನೂ ಹೊರಗೆ ಬಿಡಬೇಕು. ಅದರ ಬಾಯಿ ಎಷ್ಟಗಲ ಇರಬೇಕೆಂದು ಲೆಕ್ಕ ಹಾಕುವುದು ಈ ಮಹಾನುಭಾವನ ಉದ್ಯೋಗ. ತನ್ನ ಬಾಯಿಗೆ ಮಾತ್ರ ಅವನು ಯಾವ ಲೆಕ್ಕವನ್ನೂ ಇಟ್ಟುಕೊಂಡಿಲ್ಲ.

ಇಂಥವನ ಕೈಯಲ್ಲಿ ನನ್ನ ಮಗಳ ಮದುವೆಯ ಮುಹೂರ್ತ ಸಿಕ್ಕಿಕೊಂಡಿತು. ಮದುವೆ ಡೆಟ್ರಾಯಿಟ್ ಬಳಿಯ ನೋವೈಯಲ್ಲಿ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಇವನು ಆ ಹೊತ್ತಿಗೆ ಎಲ್ಲಿ ಯಾವ ಕೊಳವೆ ನೋಡುತ್ತ ನಿಂತಿರುತ್ತಾನೋ ಎಂದು ಹೆದರಿ, ಬೇರೆ ಯಾರನ್ನಾದರೂ ಗೊತ್ತುಮಾಡೋಣ ಎಂದೆ. ಇಲ್ಲಿಯೇ ಹುಟ್ಟಿದ ಮಗಳು ಒಪ್ಪಲಿಲ್ಲ.

“ನೋ, ಅಪ್ಪಾ. ಮಾಮ ಬರ್ಲಿಲ್ಲ ಅಂದ್ರೆ ನಾನೂ ಬರಲ್ಲ. ಐ ಆಮ್ ಸೀರಿಯಸ್.”

ಹಿಂದಿನ ದಿನ ನಾವೆಲ್ಲ ಹೂವಿನ ಮಾಲೆಗಳಲ್ಲಿ ಮುಳುಗಿದ್ದಾಗ ಅವನು “ದಾರೀಲೇ ಇದೆ” ಎಂದು ಡೆಟ್ರಾಯಿಟ್‌ನ ಒಂದು ಕಾರ್ಖಾನೆಯನ್ನು ಹೊಕ್ಕ. ಅಲ್ಲಿ ಸವೆದ ಕಂಟ್ರೋಲ್ ವಾಲ್ವನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಕೂರಿಸಿದ್ದರಂತೆ. ದೊಡ್ಡದರಿಂದ ನುಗ್ಗುವ ಅನಿಲವೂ ಹೆಚ್ಚು. ರಿಲೀಫ್ ವಾಲ್ವು ಮಾತ್ರ ಹಳೆಯದೇ. ಬೀಗರ ಕಡೆಯವರು ಇಮ್ಮಡಿ ಬರುತ್ತಾರೆಂದು ತಿಳಿದೂ ಹಳೆಯ ಅಳತೆಗೇ ಅಕ್ಕಿ ಹಾಕಿದಂತೆ! ಅಷ್ಟು ಜನ ಎಂಜಿನಿಯರುಗಳಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಪಂಚೆ ಉಟ್ಟು, ಪೇಟ ಸುತ್ತಿ, ಹಾಲ್‌ನ ಪಾರ್ಕಿಂಗ್ ಲಾಟಿನಲ್ಲಿ ಫೋನು ಹಿಡಿದು ಅವನು ಅತ್ತಿಂದಿತ್ತ ತಿರುಗುತ್ತಿದ್ದ. ಒಳಗೆ ಮಗಳು ಕೈಯಲ್ಲಿ ತೆಂಗಿನಕಾಯಿ ಹಿಡಿದು ಕಾದಿದ್ದಳು. ನನ್ನವಳು ಹೊರಗೆ ಧಾವಿಸಿದಳು, ಹಿಂದೆಯೇ ನಾನು.

“ಹಾಳಾಗೋಗ್ಲಿ ಕಣೋ ನಿನ್ನ ವಾಲ್ವು. ಹುಡುಗಿ ಕಾಯ್ತಿದಾಳೆ.”

“ಹಾಳಾಗ್ಬಾರ್ದು ಅಂತಾನೇ ಅಕ್ಕಾ. ಐದೇ ನಿಮಿಷ.”

“ಏನಯ್ಯಾ, ಕಬ್ಬಿಣಕ್ಕೂ ಮುಹೂರ್ತ ಇದೆಯಾ?” ಎಂದೆ ನಾನು.

“ಇದೆ ಭಾವ. ಕಾರ್ಖಾನೆಯವರು ಇವತ್ತು ಬೆಳಿಗ್ಗೇನೇ ಸ್ಟಾರ್ಟ್ ಮಾಡ್ತಾರಂತೆ. ಸೇಫ್ಟಿ ಪೇಪರ್‌ಗೆ ನಾನು ಸೈನ್ ಮಾಡಲ್ಲ ಅಂದೆ. ಸೈನ್ ಇಲ್ದೇನೇ ಶುರು ಮಾಡೋಕೆ ನನ್ನ ಬಾಸ್‌ನ ಒಪ್ಪಿಸ್ತಿದಾರೆ.”

“ಇವತ್ತೇ ಒಡೆದುಹೋಗತ್ತಾ ಅದು?”

“ಹೋಗ್ದೇನೂ ಇರಬಹುದು. ಆದ್ರೆ ಆ ಪಾತ್ರೆ ಪಕ್ಕ ಒಂದು ಬೆಂಚ್ ಇದೆ ಭಾವ. ಶಿಫ್ಟ್‌ನವರು ಊಟಕ್ಕೆ ಕೂರೋದು ಅಲ್ಲೇ. ನಿನ್ನೆ ಅಕ್ಕ ಕಟ್ಟಿಕೊಟ್ಟ ಚಪಾತೀನ ಅವರ ಜೊತೆ ಹಂಚ್ಕೊಂಡು ತಿಂದೆ.”

ಇಷ್ಟು ಹೇಳಿ ಮತ್ತೆ ಫೋನನ್ನು ಕಿವಿಗಿಟ್ಟ.

ನಾನು ಒಳಗೆ ಬಂದೆ. ಪುರೋಹಿತರು ಗಡಿಯಾರ ನೋಡಿ, “ಹೆಣ್ಣನ್ನ ಬೇರೆ ಯಾರಾದ್ರೂ ಕರ್ಕೊಂಡು ಬರ್ಲಿ” ಎಂದರು. “ಲಗ್ನಕ್ಕೆ ಇನ್ನೂ ಹೊತ್ತಿದೆ ಸ್ವಾಮಿ. ಅಲ್ಲೀವರೆಗೆ ನಾನೊಂದಿಷ್ಟು ಸ್ತೋತ್ರ ಹೇಳ್ತೀನಿ” ಎಂದು ಮೈಕು ತೆಗೆದುಕೊಂಡೆ. ಚಿಕ್ಕಂದಿನಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತದ್ದೆಲ್ಲ ಸಾಲಾಗಿ ಹೊರಬಂತು. ಗಣಪತಿ ಆಯಿತು, ಲಕ್ಷ್ಮಿ ಆಯಿತು, ನವಗ್ರಹಗಳು ತೀರಿದವು. ಪುಣ್ಯನದಿಗಳನ್ನು ಹಿಡಿದೆ. ಬೀಗರು ಆಕಳಿಸಿದರು. ಕಾವೇರಿಯನ್ನೂ ದಾಟಿ, ಇನ್ನು ಮಿಷಿಗನ್ ಸರೋವರವನ್ನೇ ಸ್ತುತಿಸಬೇಕೇನೋ ಎನ್ನುವಾಗ ಬಾಗಿಲು ತೆರೆಯಿತು.

ಓರೆಯಾದ ಪೇಟದಲ್ಲಿ, ಮಗಳ ತೋಳು ಹಿಡಿದು ಅವನು ಬಂದ.

“ಮಾಮ, ಈಸ್ ಎವ್ರಿಥಿಂಗ್ ಓಕೆ?”

“ನಿಲ್ಲಿಸಿದ್ರು ಪುಟ್ಟಾ. ದೊಡ್ಡ ರಿಲೀಫ್ ವಾಲ್ವ್ ಹಾಕೋವರೆಗೂ ಶುರು ಮಾಡಲ್ವಂತೆ. ಸೀರೆ ಎತ್ತಿ ಹಿಡ್ಕೊ, ಮೆಟ್ಟಿಲಿದೆ.”

ಅವಳನ್ನು ಅಂತರಪಟದ ಮುಂದೆ ನಿಲ್ಲಿಸಿ, ಒದ್ದೆಗಣ್ಣನ್ನು ಶಲ್ಯದಲ್ಲಿ ಒರೆಸಿಕೊಳ್ಳುತ್ತ ನನ್ನ ಪಕ್ಕಕ್ಕೆ ಸರಿದ. “ಭಾವ, ಹೋಮದ ಹೊಗೆ ಹೋಗೋಕೆ ದಾರಿ ಇದೆಯಾ?”

ಜೀವಮಾನದಲ್ಲಿ ಮೊದಲ ಸಲ ನಾನೂ ತಲೆಯೆತ್ತಿ ನೋಡಿದೆ.

ವಧೂವರರು ಸುಖವಾಗಿ ಬಾಳಲಿ. ಕಾದ ಪುರೋಹಿತರಿಗೆ, ಆಕಳಿಸಿದ ಬೀಗರಿಗೆ, ಕಡೆಗೂ ಮಾತು ಕೇಳಿದ ಆ ಬಾಸಿಗೆ ಶುಭವಾಗಲಿ. ಆ ಬೆಂಚಿನ ಮೇಲೆ ಬುತ್ತಿ ಬಿಚ್ಚುವ ಪ್ರತಿಯೊಬ್ಬರಿಗೂ ಉಂಡ ಅನ್ನ ಅರಗಲಿ, ಆಯುಷ್ಯ ಬೆಳೆಯಲಿ. ನನ್ನ ಭಾವಮೈದುನನ ಚಿಂತೆಗಳೆಲ್ಲ ಎಂದೆಂದಿಗೂ ಸುಳ್ಳಾಗುತ್ತಿರಲಿ.